ಜಗಲಿಗೆ ಬಂದ ಕೆಂಪು ಡಬ್ಬ

ಹಾರೆ ಹಿಡಿದ ನಾಲ್ಕು ಆಳುಗಳ ಜೊತೆ ಕಾರ್ಪೊರೇಷನ್ ಇನ್‌ಸ್ಪೆಕ್ಟರ್ ಚಕ್ರಪಾಣಿ ಚಾಮರಾಜಪೇಟೆಗೆ ಬಂದಾಗ ದಾಕ್ಷಾಯಣಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರಸ್ತೆ ಅಗಲ ಮಾಡಲು ಆ ಜಗಲಿ ಒಡೆಯಬೇಕೆಂದು ಹೋದ ತಿಂಗಳು ಅವನೇ ಸುಣ್ಣದ ಗೆರೆ ಎಳೆದು ಹೋಗಿದ್ದ. ಗೆರೆ ಹಾಗೇ ಇತ್ತು. ಆದರೆ ಜಗಲಿಯ ಕಲ್ಲುಕಂಬಕ್ಕೆ ಒಂದು ಕೆಂಪು ಅಂಚೆ ಡಬ್ಬ ಬಂದು ಕೂತಿತ್ತು.

"ಇದ್ಯಾವಾಗ ಬಂತಮ್ಮ?"

"ನಿನ್ನೆ. ಬೀದಿಯೋರೆಲ್ಲ ಸೈನು ಹಾಕಿ ಅರ್ಜಿ ಕೊಟ್ಟಿದ್ವಿ. ಪಾಪ, ಕೊಟ್ರು."

"ಬಿಚ್ಚಿಸಿ. ಕಂಬ ಒಡೀಬೇಕು."

"ನಾನ್ಯಾರು ಸ್ವಾಮಿ ಬಿಚ್ಚೋಕೆ? ಅದು ದಿಲ್ಲೀದು."

ಎದುರುಮನೆಯ ಬದರೀನಾರಾಯಣ ಪಂಚೆ ಸರಿಮಾಡಿಕೊಳ್ಳುತ್ತ ಬಂದರು. ವಕೀಲರ ಗುಮಾಸ್ತರು. ಸಂವಿಧಾನ ಬಂದು ಎರಡು ವರ್ಷವಾಗಿರಲಿಲ್ಲ, ಅಷ್ಟರಲ್ಲೇ ಅದನ್ನು ಪಂಚಾಂಗದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು. "ಅಧಿಕಾರ ಹಂಚೋಕೆ ಮೂರು ಪಟ್ಟಿ ಇದೆ ಇನ್‌ಸ್ಪೆಕ್ಟ್ರೇ. ದಿಲ್ಲೀದೊಂದು, ನಮ್ಮ ಮೈಸೂರು ಸರ್ಕಾರದ್ದೊಂದು, ಇಬ್ರೂ ಕೈ ಹಾಕ್ಬಹುದಾದ್ದೊಂದು. ಅಂಚೆ ಮೊದಲನೇ ಪಟ್ಟೀಲಿ ಬರುತ್ತೆ."

"ಕಾರ್ಪೊರೇಷನ್ನಿನ ಪಟ್ಟಿ?"

"ನಿಮಗೆ ಪಟ್ಟಿ ಇಲ್ಲ. ಎರಡನೇ ಪಟ್ಟೀಲಿ ಒಂದು ಸಾಲಿದೆ. ಐದನೇದು."

ಚಕ್ರಪಾಣಿ ತನ್ನ ಆಳುಗಳ ಕಡೆ ತಿರುಗಿದ. ಅವರು ಆಗಲೇ ಹಾರೆ ಕೆಳಗಿಟ್ಟು ಅವರೆಕಾಯಿಗೆ ಕೈ ಹಾಕಿದ್ದರು.

ಜಗಲಿ ಬಿಟ್ಟುಕೊಡುವುದು ದಾಕ್ಷಾಯಣಮ್ಮನ ಕೈಯಲ್ಲಿ ಆಗುವ ಕೆಲಸವಲ್ಲ. ಸೋಮವಾರದ ಭಿಕ್ಷೆಗೆ ಬರುವ ಜಂಗಮರು ಮೊದಲು ಕೂತು ಕಾಲು ತೊಳೆಸಿಕೊಳ್ಳುವುದು ಅಲ್ಲಿ. ನಲ್ಲಿಯ ಜಗಳ, ಹೆಣ್ಣು ನೋಡುವ ಮಾತು, ಯಾರ ಮನೆ ಹಸು ಯಾರ ರಂಗೋಲಿ ತುಳಿಯಿತೆಂಬ ವಿಚಾರಣೆ, ಎಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತಿತ್ತು. ದಿಲ್ಲಿ, ಮೈಸೂರು, ಕಾರ್ಪೊರೇಷನ್ನು ಮೂರೂ ಹುಟ್ಟುವುದಕ್ಕೆ ಮುಂಚೆಯೇ ಅವರ ಅತ್ತೆ ಅದೇ ಕಲ್ಲಿನ ಮೇಲೆ ಕೂತು ಬೀದಿ ಆಳಿದ್ದರು.

ತೊಂದರೆ ಬಂದದ್ದು ಪೋಸ್ಟ್‌ಮ್ಯಾನಿನ ಬಾಯಿಂದ. ದಿನಕ್ಕೆ ಇಪ್ಪತ್ತೈದು ಕಾಗದವಾದರೂ ಬೀಳದಿದ್ದರೆ ಡಬ್ಬ ಕಿತ್ತು ಬೇರೆ ಬೀದಿಗೆ ಹಾಕುತ್ತಾರಂತೆ. ಯುಗಾದಿ ಹಿಂದಿನ ವಾರ ಎಣಿಸುತ್ತಾರಂತೆ. ಆ ಬೀದಿಯವರ ನೆಂಟರೆಲ್ಲ ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದರು. ಕಾಗದ ಬರೆಯುವುದು ಯಾರಿಗೆ? ದಾಕ್ಷಾಯಣಮ್ಮ ಒಂದು ಗಳಿಗೆ ಯೋಚಿಸಿ, "ಕಾರ್ಪೊರೇಷನ್ನಿಗೇ ಬರೀರಿ" ಅಂದರು.

ಬರೆದರು. ಬೀದಿಯಲ್ಲಿದ್ದದ್ದು ಇಪ್ಪತ್ತೈದೇ ಮನೆ; ಮನೆಗೊಂದರಂತೆ ದಿನಾ ಕಾರ್ಡು. ಜಗಲಿ ಒಡೆಯಬೇಡಿ ಅಂತ ಮೊದಲನೆಯ ವಾರ. ಆಮೇಲೆ ವಿಷಯ ಸಾಲದೆ ಚರಂಡಿ, ಕಾಗೆ, ಬೀದಿದೀಪ, ಸೊಸೆಯ ನಡವಳಿಕೆ. ಬಂದ ಅರ್ಜಿಗೆಲ್ಲ ನಂಬರು ಹಾಕಿ ಫೈಲಿಗೆ ಸೇರಿಸಬೇಕೆಂಬುದು ಅಲ್ಲಿಯ ನಿಯಮ. ಎರಡು ತಿಂಗಳಲ್ಲಿ ಜಗಲಿಯ ಫೈಲು ಇಡಲು ಜಗಲಿಯಷ್ಟೇ ಜಾಗ ಬೇಕಾಯಿತು. ಮೂರು ಜನ ಗುಮಾಸ್ತರು ಅದರ ಹಿಂದೆ ಕೂರುತ್ತಿದ್ದರು; ಸಂಬಳದ ದಿನ ಮಾತ್ರ ಮುಖ ಕಾಣಿಸುತ್ತಿತ್ತು. ಕಾರ್ಡು ತರಬೇಡಿ ಎಂದು ಕಾರ್ಪೊರೇಷನ್ನಿನವರು ಕೇಳಿಕೊಂಡರೆ, ಹಾಕಿದ ಕಾಗದ ತಡೆಯುವುದು ನಮ್ಮ ಕೈಯಲ್ಲಿಲ್ಲ ಎಂದರು ಅಂಚೆಯವರು. ಮೈಸೂರು ಸರ್ಕಾರಕ್ಕೆ ಹೋದರೆ, ಅಂಚೆ ನಮ್ಮ ಪಟ್ಟಿಯಲ್ಲಿಲ್ಲ, ದಿಲ್ಲಿಗೆ ಬರೆಯಿರಿ ಎಂದರು.

ಎಣಿಕೆಯ ಕೊನೆಯ ದಿನ ಮಧ್ಯಾಹ್ನ ಬದರೀನಾರಾಯಣ ಕಿಟಕಿಯಿಂದಲೇ ಕೂಗಿದರು. "ದಾಕ್ಷಾಯಣಮ್ನೋರೇ, ನಂಗೆ ಮೈ ಸುಡ್ತಿದೆ. ಇವತ್ತು ಕಾರ್ಡು ಬರೀಲಿಲ್ಲ. ಇಪ್ಪತ್ನಾಕೇ ಆಗಿರೋದು."

ಬೀದಿಯಲ್ಲೆಲ್ಲ ವಿಚಾರಿಸಿದರು. ಒಂದು ಕಾರ್ಡೂ ಉಳಿದಿರಲಿಲ್ಲ. ಡಬ್ಬದಿಂದ ಕಾಗದ ತೆಗೆಯುವುದು ನಾಲ್ಕಕ್ಕೆ, ಆಗಲೇ ಮೂರೂವರೆ. ಡಬ್ಬ ಹೋದರೆ ಮಾರನೆಯ ದಿನವೇ ಹಾರೆ ಬರುತ್ತದೆ. ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ನಟ್ಟನಡುವೆ ಕೂತರು. ಬರಲಿ, ತನ್ನನ್ನೂ ಸೇರಿಸಿ ಒಡೆಯಲಿ.

ಬಂದದ್ದು ಚಕ್ರಪಾಣಿ. ಒಬ್ಬನೇ, ಬೆವರು ಸುರಿಸುತ್ತ, ಕೈಯಲ್ಲೊಂದು ಉದ್ದನೆಯ ಲಕೋಟೆ.

"ನಿಮ್ಮ ಆಟ ಮುಗೀತಮ್ಮ. ದಿಲ್ಲಿಗೇ ಬರ್ದಿದೀವಿ, ಡಬ್ಬ ತೆಗೆಸಿ ಅಂತ. ಸೈನೂ ಆಗಿದೆ. ಡಬ್ಬದ ನಂಬರೊಂದು ಬರೀಬೇಕಿತ್ತು, ಅದಕ್ಕೇ ಬಂದೆ."

"ಬರ್ಕೊಳ್ಳಿ. ನಿಂತ್ಕೊಂಡು ಬರೆದ್ರೆ ಅಕ್ಷರ ಸೊಟ್ಟ ಆಗುತ್ತೆ, ದಿಲ್ಲಿಯೋರು ಏನಂದ್ಕೋತಾರೆ? ಕೂತ್ಕೊಳ್ಳಿ."

ಚಕ್ರಪಾಣಿ ಜಗಲಿಯ ಮೇಲೆ ಕೂತ. ಕಲ್ಲು ತಣ್ಣಗಿತ್ತು. ಮಜ್ಜಿಗೆ ಬಂತು, ಕುಡಿದ. ನಂಬರು ಬರೆದ. ಅಂಟು ಒಣಗಿದ ಸ್ಟಾಂಪಿಗೆ ದಾಕ್ಷಾಯಣಮ್ಮ ನಾಲ್ಕು ಅಗುಳು ಅನ್ನ ತಂದುಕೊಟ್ಟರು, ಉಜ್ಜಿ ಅಂಟಿಸಿದ.

"ಇಲ್ಲಿ ಹತ್ತಿರದಲ್ಲಿ ಬೇರೆ ಡಬ್ಬ ಎಲ್ಲಿದೆ?"

"ಮಾರ್ಕೆಟ್ಟಿನ ಹತ್ರ. ನೀವು ಹೋಗೋ ಹೊತ್ತಿಗೆ ಕಾಗದ ತೆಗೆದಿರ್ತಾರೆ. ಇವತ್ತೇ ಹೋಗ್ಬೇಕಾ?"

"ಇವತ್ತೇ ಹೋಗ್ಬೇಕು ಅಂದಿದಾರೆ ಸಾಹೇಬ್ರು."

ಬೀದಿಯ ತುದಿಯಲ್ಲಿ ಪೋಸ್ಟ್‌ಮ್ಯಾನಿನ ಸೈಕಲ್ ಗಂಟೆ ಕೇಳಿಸಿತು. ಚಕ್ರಪಾಣಿ ಧಡಕ್ಕನೆ ಎದ್ದು ಲಕೋಟೆಯನ್ನು ಕೆಂಪು ಡಬ್ಬದ ಬಾಯಿಗೆ ತುರುಕಿದ. ಅದು ಇಪ್ಪತ್ನಾಲ್ಕು ಕಾರ್ಡುಗಳ ಮೇಲೆ ಮೆತ್ತಗೆ ಬಿತ್ತು.

ಎದುರುಮನೆಯ ಕಿಟಕಿಯ ಕಡೆ ನೋಡಿ ದಾಕ್ಷಾಯಣಮ್ಮ ಹೇಳಿದರು: "ನೀವು ಮಲಗಿ ಬದರೀನಾರಾಯಣ್ರೇ. ನಿಮ್ಮ ಕೆಲ್ಸ ಕಾರ್ಪೊರೇಷನ್ನೋರು ಮಾಡಿದ್ರು."