ಟ್ಯಾಂಕಿನ ಚಕ್ರಗಳು

ಪ್ಲಾಸ್ಟಿಕ್ ಅಂಟಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಶ್ರೀನಿವಾಸಪುರದ ನಮ್ಮ ನಡುಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪುಟಾಣಿ ಯುದ್ಧಟ್ಯಾಂಕುಗಳನ್ನು ಜೋಡಿಸುವ ಹುಚ್ಚು ಮಾವನಿಗಿತ್ತು. ನನಗೂ ಒಂದನ್ನು ತಂದುಕೊಟ್ಟಿದ್ದ. ಬೇಸಿಗೆ ರಜೆಯೆಲ್ಲ ಕೂತು ನಾನೇ ಅಂಟಿಸಿ, ಮುರಿದ ಫಿರಂಗಿಯ ಜಾಗಕ್ಕೆ ಖಾಲಿ ರೀಫಿಲ್ ಸಿಕ್ಕಿಸಿದ್ದೆ.

ಅಂದು ಸ್ಕೂಲಿನಿಂದ ಬಂದಾಗ ಮಾವ ಪೇಪರು ಹಾಸಿಕೊಂಡು ಕೂತಿದ್ದ. ನನ್ನ ಟ್ಯಾಂಕಿನ ಚಕ್ರಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದ.

"ಸ್ಪರ್ಧೆಗೆ ಹೊಸ ಗಾಡಿ ಮಾಡ್ತಿದೀನಿ. ಚಕ್ರ ಸಾಲ್ಲಿಲ್ಲ ಕಣೇ" ಎಂದ, ತಲೆಯೆತ್ತದೆ.

"ಅದು ನಂದು, ಮಾವ."

"ತಂದಿದ್ದು ನಾನು ತಾನೇ?"

ಅಡುಗೆಮನೆಯಿಂದ ಅಜ್ಜಿ, "ಪೋನೀ, ಹೋಗ್ಲಿ ಬಿಡೇ, ಇನ್ನೊಂದು ತಂದ್ಕೊಡ್ತಾನೆ" ಎಂದಳು.

ಮಾವ ನನ್ನ ಚಕ್ರವೊಂದನ್ನು ತನ್ನ ಗಾಡಿಗೆ ಅಂಟಿಸಿ ನನ್ನತ್ತ ಚಾಚಿದ. "ಒಣಗೋವರ್ಗೂ ಅಲ್ಲಾಡ್ದಂಗೆ ಹಿಡ್ಕೋ. ನಿನ್ನ ಬೆರಳು ಸಣ್ಣದು."

ಅತ್ತರೆ ಕೈ ನಡುಗುತ್ತದೆಂದು ಉಸಿರು ಬಿಗಿಹಿಡಿದು ಅದನ್ನು ಹಿಡಿದುಕೊಂಡೆ.