ಕಸವಿಲ್ಲದ ಮನೆ

ಮನೆಯಲ್ಲಿ ಕಸ ಸಿಗಲಿಲ್ಲ. ಪ್ರತಿಭಾ ಬೆಳಿಗ್ಗೆಯಿಂದ ಅಟ್ಟ, ಹಿತ್ತಿಲು, ಒಲೆಯ ಹಿಂದಿನ ಮೂಲೆ ಎಲ್ಲ ತಡಕಾಡಿ, ಕೊನೆಗೆ ಮಂಚದಡಿಯಿಂದ ಒಂದು ಬಾಟಲಿ ಹಿಡಿದು ಹೊರಬಂದಳು. ಅವಳವ್ವ ದುರ್ಗಮ್ಮ ಅದನ್ನು ಕಿತ್ತುಕೊಂಡು ಮುಚ್ಚಳ ಬಿಗಿ ಮಾಡಿದಳು.

"ಕಾಲಿಗೆ ಹತ್ತಿ ರಕ್ತ ಹೀರೋ ಉಂಬಳಕ್ಕೆ ಹಾಕೋ ಉಪ್ಪಿನ ನೀರು ಕಣೆ ಇದು. ಇದಿಲ್ದೆ ನಿನ್ನಪ್ಪ ಗದ್ದೆಗೆ ಕಾಲಿಡ್ತಾನಾ?"

"ಹಂಗಾರೆ ಆ ರಟ್ಟಿನ ಪೆಟ್ಟಿಗೆ?"

"ಕೋಳಿ ಕಾವಿಗೆ ಕೂತೈತೆ. ಏಳ್ಸೋದಾದ್ರೆ ನಿನ್ ಟೀಚರೇ ಬರ್ಲಿ."

"ಹರ್ಕು ಬಟ್ಟೆನಾದ್ರೂ ಕೊಡೆ."

"ಮಸಿಬಟ್ಟೆ ಬಿಟ್ರೆ ಹರ್ಕು ಎಂತ ಐತೆ? ಅದನ್ನ ಕೊಟ್ರೆ ಅನ್ನದ ಪಾತ್ರೆ ಬರಿಗೈಲಿ ಇಳಿಸ್ತೀಯಾ?"

ಐದನೇ ತರಗತಿಯ ಮಕ್ಕಳ ಕೈಗೆ ಶಾಲೆಯಿಂದ ಚೀಟಿ ಬಂದಿತ್ತು: 'ಕುಟುಂಬದೊಂದಿಗೆ ಸುಲಭ ಕರಕುಶಲ. ನಿಮ್ಮ ಮನೆಯಲ್ಲಿ ವ್ಯರ್ಥವಾಗಿ ಬಿದ್ದಿರುವ ವಸ್ತುಗಳಿಂದ ಒಂದು ಅಲಂಕಾರದ ವಸ್ತು ತಯಾರಿಸಿ ಶನಿವಾರ ಪೋಷಕರೊಡನೆ ತರುವುದು. ಹತ್ತು ಅಂಕ.' ಪ್ರತಿ ಮನೆಯಲ್ಲೂ ಕಸ ಇದ್ದೇ ಇರುತ್ತದೆಂದು ಚೀಟಿ ಬರೆದವರಿಗೆ ಅನುಮಾನವೇ ಇರಲಿಲ್ಲ. ಪ್ರತಿ ಮನೆಯಲ್ಲೂ ಅಕ್ಕಿ ಇದೆಯೇ ಎಂದು ಮಾತ್ರ ಅವರು ಯಾವತ್ತೂ ಚೀಟಿ ಬರೆದು ಕೇಳಿದವರಲ್ಲ. ಹೋದ ಸಲ ಥರ್ಮೋಕೋಲಿನ ಗ್ರಹಗಳನ್ನು ಮಾಡಿಸಲಾಗದೆ ಬರಿಗೈಲಿ ಹೋದಾಗ ಪ್ರತಿಭಾಳ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 'ಪೋಷಕರ ಸಹಕಾರವಿಲ್ಲ' ಎಂದು ಬಿದ್ದಿತ್ತು. ದುರ್ಗಮ್ಮ ಆ ಎರಡು ಪದಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಿದ್ದಳು, ಓದಿ ಎರಡು ದಿನ ಮಗಳ ಮುಖ ನೋಡಲಾಗದೆ ಓಡಾಡಿದ್ದಳು. ಈ ಸಲ ಏನಾದರಾಗಲಿ, ಕಾರ್ಡಿಗೆ ಕೆಂಪು ತಾಗಕೂಡದು.

ಶುಕ್ರವಾರ ಮಧ್ಯಾಹ್ನ ದುರ್ಗಮ್ಮ ಸಿದ್ದಾಪುರ ಪೇಟೆಗೆ ಬಂದು ಕಸದ ಗಾಡಿಯ ಮುಂದೆ ನಿಂತಳು. ಗಾಡಿ ಓಡಿಸುವವನು ಅವಳ ದೊಡ್ಡಪ್ಪನ ಮಗ ಚೌಡ.

"ಚೌಡಣ್ಣ, ಒಂಚೂರು ಕಸ ಇದ್ರೆ ಕೊಡು. ಚೊಕ್ಕ ಇರೋದು."

"ಹದಿನೆಂಟು ವರ್ಷ ಆತು ಈ ಗಾಡಿ ಹಿಡ್ದು. ಕಸ ಬೇಡ್ಕೊಂಡು ಬಂದವಳು ನೀನೇ ಮೊದ್ಲು" ಎಂದ ಚೌಡ, ಚೀಲಗಳ ನಡುವೆ ಕೈಯಾಡಿಸಿ ಚೌಕ ಹೆಗಲಿನ ಒಂದು ನೀಲಿ ಗಾಜಿನ ಬಾಟಲಿ ಎತ್ತಿದ. "ತಗ. ಮೇಲಿನ ಓಣಿ ಸಮೃದ್ಧಿ ಟೀಚರ ಮನೇದು. ಅವ್ರ ಮನೆ ಕಸ ಅಂದ್ರೆ ನೋಡೋಕೂ ಚಂದ."

"ಅಯ್ಯ, ನಮ್ ಪ್ರತಿಭಾಗೆ ಕಲಿಸೋಳೇ ಅಲ್ಲನಾ? ನಾಳೆ ವಾಪಸ್ ಕೇಳಿದ್ರೆ?"

"ಕಸ ವಾಪಸ್ ಕೇಳೋರು ಇದ್ದಿದ್ರೆ ನಂಗೆ ಈ ಕೆಲ್ಸ ಎಲ್ಲಿರ್ತಿತ್ತೇ ಮಾರಾಯ್ತಿ."

ಬಾಟಲಿಯನ್ನು ಸೀಗೆಪುಡಿ ಹಾಕಿ ತೊಳೆದರು. ಮದುವೆ ಮನೆಗಳ ಗೋಡೆಗೆ ಚಿತ್ತಾರ ಬರೆಯುವ ಕೈ ದುರ್ಗಮ್ಮನದು. ಆದರೆ ಗಾಜಿಗೆ ಕೆಮ್ಮಣ್ಣು ಹಿಡಿಯದೆ ಎರಡು ಸಲ ಜಾರಿತು, ಗಂಜಿ ಕಲಸಿದ ಮೇಲೆ ನಿಂತಿತು. ಅಕ್ಕಿ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ ಅವ್ವ ಒಂದು ಗೆರೆ, ಮಗಳು ಒಂದು ಗೆರೆ ಎಳೆದರು. ನಡುವೆ ಗದ್ದೆಯಿಂದ ಬಂದ ಅಪ್ಪ ಬೈರನನ್ನೂ ಕೂರಿಸಿದರು.

"ನಾನೆಂತ ಮಾಡ್ಲಿ ಇದ್ರಾಗೆ?"

"ಅಲ್ಲಾಡ್ದಂಗೆ ಹಿಡ್ಕ. ಚೀಟೀಲಿ ಕುಟುಂಬ ಅಂತ ಬರ್ದೈತೆ."

ಓಡಿಹೋಗುವ ಕರುವಿನ ಕಿವಿ ಹಿಡಿದವನಂತೆ ಬೈರ ಆ ಬಾಟಲಿಯ ಕುತ್ತಿಗೆ ಹಿಡಿದು ಕೂತ. ಕಣ್ಣು ಮಿಟುಕಿಸುವುದಕ್ಕೂ ಹೆದರಿದ.

ಶನಿವಾರ ಶಾಲೆಯಲ್ಲಿ ಸಾಲುಗಟ್ಟಿ ಹೂದಾನಿಗಳು. ಮನೆಯಲ್ಲಿ ಕಸ ಸಾಲದೆ ಅಂಗಡಿಯಿಂದ ಹೊಸ ಕಸ ತಂದವರೂ ಇದ್ದರು. ಕೆಲವುಗಳ ಅಡಿಯಲ್ಲಿ ಬೆಲೆಯ ಚೀಟಿ ಹಾಗೇ ಅಂಟಿಕೊಂಡಿತ್ತು. ಸಮೃದ್ಧಿ ಟೀಚರ್ ಪ್ರತಿಭಾಳ ಬಾಟಲಿಯನ್ನು ಎತ್ತಿ, ತಿರುಗಿಸಿ, ಮಣ್ಣು ಬಳಿಯದೆ ಬಿಟ್ಟ ನೀಲಿ ಕುತ್ತಿಗೆಯನ್ನು ಬೆರಳಿನಿಂದ ಸವರಿದರು.

"ಎಷ್ಟು ಚಂದ ಬಂದಿದೆ. ನಮ್ಮನೇಲೂ ಇಂಥದ್ದೇ ಒಂದಿತ್ತು, ಎಸೆದುಬಿಟ್ಟೆ. ನಿಮ್ಮನ್ನ ನೋಡಿ ಕಲೀಬೇಕು ನಾವು." ಟೀಚರ್ ಹಾಳೆಯ ಮೇಲೆ ನೀಲಿ ಪೆನ್ನಿಟ್ಟರು. "ಇದು ನಿಮ್ಮ ಮನೆದೇ ಕಸ ತಾನೇ? ಅದಕ್ಕೇ ಮೂರು ಅಂಕ ಇದೆ."

ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಪ್ರತಿಭಾ ಅವ್ವನ ಸೆರಗಿನ ತುದಿ ಹಿಡಿದು, ಅವ್ವ ಏನು ಹೇಳುತ್ತಾಳೆಂದು ಬಾಯಿ ತೆರೆದು ನೋಡುತ್ತಿದ್ದಳು.

"ಅಲ್ಲ ಮೇಡಂ. ನಮ್ಮನೇಲಿ ಕಸ ಇಲ್ಲ."

"ಕಸ ಇಲ್ಲದ ಮನೆ ಇರ್ತದಾ?" ಟೀಚರ್ ನಕ್ಕರು.

"ಹುಡುಕಿದ್ವಿ. ಸಿಗ್ಲಿಲ್ಲ."

ಟೀಚರ ಕೈ ಕೆಂಪು ಪೆನ್ನಿನ ಕಡೆ ಹೋಯಿತು. "ಹಾಗಾದ್ರೆ ಮೂರು ಅಂಕ ಕೊಡೋಕೆ ಬರೋದಿಲ್ಲ. ನಿಯಮ ಎಲ್ಲರಿಗೂ ಒಂದೇ ಅಲ್ವಾ?"

"ಆಗ್ಲಿ. ಆ ಮೂರನ್ನ ಕಸ ಮಾಡಿದವ್ರಿಗೇ ಕೊಡಿ ಹಂಗಾರೆ. ಅವ್ರದ್ದೂ ಕಷ್ಟ ಐತಲ್ಲ."

ಹಿಂದೆ ನಿಂತವರು ನಕ್ಕರು. ಟೀಚರೂ ನಗುತ್ತಲೇ ಪೆನ್ನಿನ ಮುಚ್ಚಳ ತೆಗೆದರು. "ಯಾರ ಮನೆದು ಹೇಳಿ, ಬರ್ಕೊಳ್ತೇನೆ."

ದುರ್ಗಮ್ಮ ಮೇಜಿನ ಮೇಲೆ ಬಗ್ಗಿ, ಇನ್ನೊಬ್ಬರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಮೇಲಿನ ಓಣಿ ಮೇಡಂ. ನಿಮ್ದೇ."

ಕೆಂಪು ಪೆನ್ನಿಗೆ ಮುಚ್ಚಳ ಬಿತ್ತು. ನೀಲಿಯದರಲ್ಲಿ ಹತ್ತಕ್ಕೆ ಹತ್ತು ಬಿತ್ತು. ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಹೂದಾನಿ ಹಿಡಿದು ಕಾಯುತ್ತಿದ್ದರು. ಕಸ ಯಾರ ಮನೆಯದು ಎಂದು ಸಮೃದ್ಧಿ ಟೀಚರ್ ಅವರಲ್ಲಿ ಒಬ್ಬರನ್ನೂ ಕೇಳಲಿಲ್ಲ.