ಟಬ್ಬಿನಲ್ಲಿ ತೇಲಿದ ಮಸಾಲೆ ಡಬ್ಬಿ

ಬಿರುಗಾಳಿ ಬರಬಹುದು, ತಳ ತೂತಾಗಬಹುದು, ಅಪ್ಪನ ಹಡಗು ಮುಳುಗಬಹುದು. ಒದ್ದೆ ಅರಿಶಿಣದ ವಾಸನೆ ಬಂದರೆ ಚಿಕ್ಕಂದಿನ ನನ್ನ ಭಯಗಳ ಆ ಪಟ್ಟಿ ಈಗಲೂ ಬಾಯಿಗೆ ಬರುತ್ತದೆ. ನಮ್ಮ ಬಡಾವಣೆ ಮಾದಾಪುರದಲ್ಲಿ ಉಳಿದ ಮಕ್ಕಳ ಅಪ್ಪಂದಿರು ಕಂಪ್ಯೂಟರ್ ಆಫೀಸಿನಿಂದ ಸಂಜೆಗೆ ಮನೆಗೆ ಬರುತ್ತಿದ್ದರು. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನಪ್ಪ ರಜೆ ಮುಗಿಸಿ ಮರುದಿನ ಹೊರಡುವವನಿದ್ದ.

ನಾನು ಅಳುವುದನ್ನು ನೋಡಿ ಅಪ್ಪ ಮಸಾಲೆ ಡಬ್ಬಿಯನ್ನು ಟಬ್ಬಿನಲ್ಲಿ ತೇಲಿಬಿಟ್ಟು, ಅರಿಶಿಣದ ಬಟ್ಟಲಿಗೆ ನೀರು ಹೊಯ್ದ. ಡಬ್ಬಿ ವಾಲಿತು. ನಾನು ಚೀರಿದೆ.

"ಹಡಗಿನ್ಯಾಗೂ ಹಿಂಗ ಖಾನೆ ಅದಾವ. ನೀರು ಒಂದ ಖಾನ್ಯಾಗ ನಿಲ್ಲತೈತಿ. ಈಗ ಎದುರಿನ ಬಟ್ಟಲಿಗೂ ಹಾಕು, ಅಂಜುಬುರುಕಿ."

ಹಾಕಿದೆ. ಡಬ್ಬಿ ತುಸು ಕೆಳಗಿಳಿದು, ನೆಟ್ಟಗೆ ತೇಲಿತು.

"ಟ್ಯಾಂಕರ್ ನೀರರಿ ಅದು! ಅರಿಶಿಣಾನೂ ಹಾಳಾತು!" ಅವ್ವ ಒದರಿದಳು.

ಹಡಗು ಮುಳುಗಲಿಲ್ಲ, ಅಪ್ಪ ಪ್ರತಿ ರಜೆಗೂ ಬಂದ. ಕೆಟ್ಟದ್ದು ಒಂದೇ: ಅಂದು ಡಬ್ಬಿ ಎತ್ತುವಾಗ ಅವನ ಬಿಳಿ ಅಂಗಿಯ ತೋಳಿಗೆ ಅರಿಶಿಣ ಹತ್ತಿತು. ಅಂಗಿ ಮನೆಯಲ್ಲೇ ಉಳಿಯಿತು. ಅವ್ವ ಅದನ್ನು ಅವನು ತಿರುಗಿ ಬರುವವರೆಗೂ ಒಗೆಯಲಿಲ್ಲ.